ಬೆರಳಿಗೆ ಓದು, ಎದೆಗೆ ಸುದ್ದಿ

ಚರ್ಮದ ಮೂಲಕ ಓದಿಸುವ ಪ್ರಯೋಗವೊಂದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರಾಂಕ್ ಗೆಲ್ಡಾರ್ಡ್ 1957ರಲ್ಲಿ ಪ್ರಕಟಿಸಿದರು. ಆ ಸಂಕೇತಭಾಷೆಗೆ ವೈಬ್ರಟೀಸ್ ಎಂದು ಹೆಸರು. ಎದೆಯ ಮೇಲೆ ಐದು ಪುಟ್ಟ ವೈಬ್ರೇಟರ್‌ಗಳು. ಪ್ರತಿಯೊಂದಕ್ಕೂ ಮೂರು ಬಗೆಯ ಜೋರು, ಮೂರು ಬಗೆಯ ಅವಧಿ. ಒಟ್ಟು 45 ಸಂಕೇತ. ಇಂಗ್ಲಿಷಿನ ಅಕ್ಷರಗಳು, ಅಂಕಿಗಳು, ಕೆಲವು ಸಣ್ಣ ಪದಗಳು ಇದರಲ್ಲಿ ಹಿಡಿಸಿದವು. ಕಲಿತವರಲ್ಲೊಬ್ಬರು ನಿಮಿಷಕ್ಕೆ 38 ಪದ ಗ್ರಹಿಸಿದರಂತೆ. ವಿನ್ಯಾಸವಾಗಿ ಬಹಳ ಅಚ್ಚುಕಟ್ಟು. ಇದನ್ನು ‘ಓದು’ ಎಂದು ಕರೆಯುವುದಕ್ಕೆ ಮಾತ್ರ ನನ್ನ ತಕರಾರಿದೆ.

ಬ್ರೈಲ್ ಓದುವವರ ಬೆರಳನ್ನು ಗಮನಿಸಿ. ಸಾಲಿನ ಮೇಲೆ ಓಡುತ್ತದೆ, ತಡೆಯುತ್ತದೆ, ಅನುಮಾನ ಬಂದರೆ ಹಿಂದಕ್ಕೆ ಬರುತ್ತದೆ. ಚುಕ್ಕಿಗಳು ಕಾಯುತ್ತವೆ. ವೈಬ್ರಟೀಸಿನಲ್ಲಿ ಕಾಯಬೇಕಾದದ್ದು ಮೈ. ಸಂಕೇತ ಬಂದಾಗ ಹಿಡಿದರೆ ಉಂಟು, ತಪ್ಪಿದರೆ ಹೋಯಿತು. ಕವಿತೆಯ ಒಂದು ಸಾಲಿನಲ್ಲಿ ನಿಂತುಬಿಡುವ ಹಕ್ಕು ಓದುಗರಿಗಿಲ್ಲ. ವೇಗ ಕಳಿಸುವವರ ಕೈಯಲ್ಲಿದೆ.

ಇದೇ ಕಂಪನವನ್ನು ಆಪ್ಟಕಾನ್ ಬೇರೆ ರೀತಿ ದುಡಿಸಿಕೊಂಡಿತು. ಸ್ಟಾನ್‌ಫರ್ಡಿನ ಪ್ರಾಧ್ಯಾಪಕ ಜಾನ್ ಲಿನ್‌ವಿಲ್ ದೃಷ್ಟಿಯಿಲ್ಲದ ತಮ್ಮ ಮಗಳಿಗಾಗಿ ಯೋಚಿಸಿದ ಯಂತ್ರವಿದು. 1970ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ಬಂತು. ಬಲಗೈ ಪುಟ್ಟ ಕ್ಯಾಮೆರಾವನ್ನು ಅಚ್ಚಾದ ಸಾಲಿನ ಮೇಲೆ ಜರುಗಿಸುತ್ತದೆ. ಎಡಗೈ ತೋರುಬೆರಳಿನ ಕೆಳಗೆ 144 ಪಿನ್ನುಗಳಲ್ಲಿ ಬೇಕಾದವು ಅಕ್ಷರದ ಆಕಾರದಲ್ಲೇ ಕಂಪಿಸುತ್ತವೆ. ಒಂದು ಕೈ ಹುಡುಕುತ್ತದೆ, ಇನ್ನೊಂದು ಕಾಣುತ್ತದೆ. ಆಕಾರವನ್ನೇ ಕೊಡುವುದರಿಂದ ತಾತ್ವಿಕವಾಗಿ ಲಿಪಿ ಯಾವುದಾದರೂ ಸರಿಯೇ. (ಭಾರತಿ ಬ್ರೈಲ್‌ನಲ್ಲಿ ನಮ್ಮ ಒತ್ತಕ್ಷರ ಕೆಳಗಿಳಿಯುವುದಿಲ್ಲ, ಸಾಲಿನಲ್ಲೇ ನಿಲ್ಲುತ್ತದೆ. ಇಂಥ ಯಂತ್ರದಲ್ಲಾದರೆ ಅದರ ಇಳಿತವೂ ಬೆರಳಿಗೆ ಸಿಕ್ಕೀತು.) ಓದು ನಿಧಾನ, ಕಲಿಕೆ ಕಷ್ಟ, ಬೆಲೆ ದುಬಾರಿ, ಸ್ಕ್ಯಾನರು ಮತ್ತು ಮಾತಾಡುವ ಕಂಪ್ಯೂಟರು ಬಂದ ಮೇಲೆ ತಯಾರಿಕೆಯೂ ನಿಂತಿತು. ಆದರೂ ಅದರ ಓದುಗರು ತಮಗೆ ಬಂದ ಖಾಸಗಿ ಕಾಗದವನ್ನು ಇನ್ನೊಬ್ಬರ ಬಾಯಿಂದ ಕೇಳಬೇಕಿರಲಿಲ್ಲ. ಯಾವುದನ್ನು ಓದಬೇಕು ಎಂಬುದನ್ನು ಬೇರೆಯವರು ಆರಿಸಿಯೂ ಕೊಡಬೇಕಿರಲಿಲ್ಲ.

ಇಂದು ಆಪಲ್ ವಾಚ್ ಎಡ ತಿರುವಿಗೊಂದು, ಬಲ ತಿರುವಿಗೊಂದು ಬಗೆಯಲ್ಲಿ ಮಣಿಕಟ್ಟನ್ನು ತಟ್ಟುತ್ತದೆ. ರಸ್ತೆಯಲ್ಲಿ ಕಿವಿ ವಾಹನಗಳ ಸದ್ದಿಗೆ ಬಿಡುವಾಗಿರಬೇಕಾದವರಿಗೆ ಇದು ಸಣ್ಣ ಉಪಕಾರವಲ್ಲ. ಸೆಕೆಂಡಿಗೆ ಸುಮಾರು 250 ಕಂಪನಗಳ ಹತ್ತಿರ ಚರ್ಮ ತುಂಬ ಚುರುಕು ಎಂಬ ತಿಳಿವಳಿಕೆಯೂ ವಿನ್ಯಾಸಕಾರರಿಗೆ ಬೇಕೇ ಬೇಕು. ಆದರೆ ಸೂಚನೆ ಕೊಡುವ ಜಾಣತನದಿಂದಲೇ ಕಥೆಯನ್ನೂ ದಾಟಿಸಬಹುದೆಂದು ಹೊರಟರೆ ನಾವು ಗೆಲ್ಡಾರ್ಡರ ಎದೆಪಟ್ಟಿಗೇ ಮರಳಿದಂತೆ. 46ನೆಯ ಸಂಕೇತವನ್ನು ಸೇರಿಸುವ ಮೊದಲು, ಹಿಂದಿನ ಪದಕ್ಕೆ ಹೋಗಿಬರಲು ಒಂದು ಗುಂಡಿಯನ್ನಾದರೂ ಓದುವವರ ಕೈಗೆ ಕೊಡಲಿ.