ಸೊನ್ನೆ ಎಂದರೆ ಕ್ಷೇಮ

ಯೂನಿಕ್ಸ್‌ನಲ್ಲಿ ಪ್ರತಿಯೊಂದು ಪ್ರೋಗ್ರಾಮೂ ಕೆಲಸ ಮುಗಿಸಿ ಹೊರಡುವಾಗ ತನ್ನನ್ನು ಕರೆದವರ ಕೈಗೆ ಒಂದು ಅಂಕಿಯನ್ನಿತ್ತು ಹೋಗುತ್ತದೆ. ಸೊನ್ನೆ ಕೊಟ್ಟರೆ ಎಲ್ಲ ಕ್ಷೇಮ. ಬೇರೆ ಏನು ಕೊಟ್ಟರೂ ಎಲ್ಲೋ ಏನೋ ಎಡವಟ್ಟಾಗಿದೆ ಎಂದರ್ಥ. ಪರೀಕ್ಷೆಯಲ್ಲಿ ಸೊನ್ನೆ ಬಂದರೆ ಅಪ್ಪನಿಗೆ ಮುಖ ತೋರಿಸಲಾಗದೆ ಬೆಳೆದ ನಮ್ಮಂಥವರಿಗೆ ಇದು ಮೊದಮೊದಲು ತಲೆಕೆಳಗಾದ ಲೆಕ್ಕದಂತೆ ಕಾಣುತ್ತದೆ. ಆದರೆ ಇದರ ಹಿಂದೆ ತರ್ಕವಿದೆ. ಕೆಲಸ ಸರಿಯಾಗುವ ಬಗೆ ಒಂದೇ, ಕೆಡುವ ಬಗೆ ನೂರು. ಒಂದಕ್ಕೆ ಸೊನ್ನೆ ಸಾಕು. ಉಳಿದ ಅಂಕಿಗಳೆಲ್ಲ ಕೆಡುಕಿನ ಬಗೆಗಳಿಗೆ ಮೀಸಲು. ಆ ಮೀಸಲೂ ಧಾರಾಳವಾದದ್ದಲ್ಲ. ಕರೆದವರಿಗೆ ದಕ್ಕುವುದು ಸಾಮಾನ್ಯವಾಗಿ ಎಂಟು ಬಿಟ್‌ಗಳು, ಅಂದರೆ 0ಯಿಂದ 255ರವರೆಗೆ. ತಾನು ಕಂಡ ತಪ್ಪುಗಳನ್ನು ಎಣಿಸಿ ಆ ಸಂಖ್ಯೆಯನ್ನೇ ಒಪ್ಪಿಸುವ ಅತಿಪ್ರಾಮಾಣಿಕ ಪ್ರೋಗ್ರಾಮೊಂದಿದ್ದರೆ, 256 ತಪ್ಪುಗಳಾದ ದಿನ ಅದರ ವರದಿ ಒಂದು ಸುತ್ತು ಬಂದು ಸೊನ್ನೆಗೆ ನಿಲ್ಲುತ್ತದೆ; ಪೂರ್ಣ ಯಶಸ್ಸೆಂದು ದಾಖಲಾಗುತ್ತದೆ.

ನನ್ನ ತಕರಾರು ಅಂಕಿಯ ಮೇಲಲ್ಲ, ಅದನ್ನು ವಿವರಿಸಬೇಕಾದ ಗದ್ಯದ ಮೇಲೆ. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಬೆಲ್ ಪ್ರಯೋಗಾಲಯದಲ್ಲಿ 1971ರ ನವೆಂಬರಿನಲ್ಲಿ ಸಿದ್ಧಪಡಿಸಿದ ಮೊದಲ ಕೈಪಿಡಿಯಲ್ಲಿಯೇ ‘ಬಗ್ಸ್’ ಎಂಬ ಶೀರ್ಷಿಕೆಯಿತ್ತು. ತಮ್ಮ ಕೃತಿಯ ದೋಷಗಳನ್ನು ತಾವೇ ಅಚ್ಚಿಸುವ ಆ ನಿಸ್ಸಂಕೋಚ, ಒಂದು ಮಾತು ಹೆಚ್ಚಿಲ್ಲದ ಆ ಬಿಗಿ, ನನ್ನ ಮಟ್ಟಿಗೆ ತಾಂತ್ರಿಕ ಗದ್ಯದ ಉತ್ತಮ ಮಾದರಿಗಳಲ್ಲಿ ಒಂದು. ಅದೇ ಪರಂಪರೆಯ ಕೈಪಿಡಿಗಳು ‘ಎಕ್ಸಿಟ್ ಸ್ಟೇಟಸ್’ ಎಂಬ ಭಾಗಕ್ಕೆ ಬಂದಾಗ ಮಾತ್ರ ಸರ್ಕಾರಿ ಸುತ್ತೋಲೆಯ ಭಾಷೆ ಆಡತೊಡಗುತ್ತವೆ: ಯಶಸ್ವಿಯಾದರೆ ಸೊನ್ನೆ, ದೋಷವುಂಟಾದರೆ ಸೊನ್ನೆಗಿಂತ ಹೆಚ್ಚು. ಬಿಎಸ್‌ಡಿ ಕೈಪಿಡಿಗಳಲ್ಲಿ ಈ ವಾಕ್ಯವನ್ನು ಯಾರೂ ಬರೆಯಬೇಕಾಗಿಯೂ ಇಲ್ಲ. ಕೈಪಿಡಿ ಅಚ್ಚುಕಟ್ಟುಮಾಡುವ ಭಾಷೆಯಲ್ಲಿ ಇದಕ್ಕೆಂದೇ ಎರಡಕ್ಷರದ ಒಂದು ಆಜ್ಞೆಯಿದೆ; ಅದನ್ನು ಹಾಕಿದರೆ ವಾಕ್ಯ ತಾನಾಗಿ ಮೂಡುತ್ತದೆ. ರಬ್ಬರ್ ಮೊಹರು ಒತ್ತಿದಂತೆ. ಎಲ್ಲ ಪುಟಗಳಲ್ಲೂ ಒಂದೇ ರೂಪ ಇರಲಿ ಎಂಬ ಸದುದ್ದೇಶ ಒಪ್ಪತಕ್ಕದ್ದೇ. ಆದರೆ ‘ಏನು ಕೆಟ್ಟಿತು’ ಎಂದು ಕೇಳಿದವನಿಗೆ ‘ಕೆಟ್ಟಿತು’ ಎಂದಷ್ಟೇ ಹೇಳಿದರೆ ಅದನ್ನು ಉತ್ತರವೆನ್ನುವುದು ಕಷ್ಟ.

‘ಕೆಟ್ಟಿತು’ ಎಂಬುದಾದರೂ ಎಲ್ಲ ಕಡೆ ಒಂದೇ ಅರ್ಥವೆ? ಗ್ರೆಪ್ ಎಂಬ ಹುಡುಕುವ ಪ್ರೋಗ್ರಾಂ ಹುಡುಕಿದ್ದು ಸಿಕ್ಕರೆ 0, ಸಿಗದಿದ್ದರೆ 1, ನಿಜವಾದ ತೊಂದರೆಯಾದರೆ ಅದಕ್ಕೂ ಮೇಲಿನ ಅಂಕಿ ಕೊಡುತ್ತದೆ. ಫೈಂಡ್ ಕೂಡ ಹುಡುಕುವುದೇ. ಅದಕ್ಕೆ ಏನೊಂದೂ ಸಿಗದಿದ್ದರೂ ಸೊನ್ನೆಯೇ, ಹುಡುಕಾಟ ಸುಸೂತ್ರವಾಗಿ ನಡೆಯಿತಲ್ಲ ಎಂಬ ಸಮಾಧಾನ. ಎರಡೂ ತಮ್ಮಷ್ಟಕ್ಕೆ ಸರಿ. ಆದರೆ ‘ಮೊದಲ ದೋಷಕ್ಕೇ ನಿಲ್ಲು’ ಎಂದು ತಾಕೀತು ಮಾಡಿದ ಶೆಲ್ ಸ್ಕ್ರಿಪ್ಟ್ ಗ್ರೆಪ್‌ನ 1ನ್ನು ಕಂಡು ನಟ್ಟನಡುವೆ ನಿಂತುಬಿಡುತ್ತದೆ. ಇಲ್ಲ ಎಂಬ ವಿನಯದ ಉತ್ತರ ಅದಕ್ಕೆ ಅನಾಹುತದಂತೆ ಕೇಳಿಸಿರುತ್ತದೆ. ಗ್ರೆಪ್‌ನ ಕೈಪಿಡಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ ಎಂಬುದನ್ನು ಮೆಚ್ಚಲೇಬೇಕು. ಗ್ನೂ ಸಮೂಹದೊಳಗೇ 124 ಎಂಬ ಅಂಕಿಯನ್ನು ನೋಡಿ: ಟೈಮೌಟ್ ಪ್ರೋಗ್ರಾಂ ಕೊಟ್ಟರೆ ಅವಧಿ ಮೀರಿತೆಂದು, ಎಕ್ಸ್‌ಆರ್ಗ್ಸ್ ಕೊಟ್ಟರೆ ತಾನು ಕರೆದ ಆಜ್ಞೆ 255 ಕೊಟ್ಟು ಹೊರಬಿತ್ತೆಂದು. ಒಂದೇ ಮನೆಯಲ್ಲಿ ಇಬ್ಬರಿಗೆ ಒಂದೇ ಹೆಸರಿಟ್ಟ ಹಾಗೆ.

ಇವೆಲ್ಲ ಪಂಡಿತರ ತಂಟೆ ಎಂದು ಯಾರೂ ನಗಬೇಕಾಗಿಲ್ಲ. ನಾನು ಕಂಡ ಒಂದು ಕಚೇರಿಯಲ್ಲಿ ಪ್ರತಿರಾತ್ರಿ ದತ್ತಸಂಗ್ರಹದ ನಕಲು ತೆಗೆದು, ಪೈಪ್ ಮೂಲಕ ಜಿಜಿಪ್‌ಗೆ ದಾಟಿಸಿ, ಕುಗ್ಗಿಸಿ ಇಡುವ ಏರ್ಪಾಡಿತ್ತು. ಯಾರೋ ಗುಪ್ತಪದ ಬದಲಾಯಿಸಿದರು. ಅಂದಿನಿಂದ ನಕಲು ತೆಗೆಯುವ ಪ್ರೋಗ್ರಾಂ ಬಾಗಿಲಲ್ಲೇ ಸೋತು ಬರಿಗೈಯಲ್ಲಿ ಮರಳುತ್ತಿತ್ತು. ಜಿಜಿಪ್ ಮಾತ್ರ ಆ ಶೂನ್ಯವನ್ನು ಶ್ರದ್ಧೆಯಿಂದ ಕುಗ್ಗಿಸಿ ಸೊನ್ನೆ ಒಪ್ಪಿಸುತ್ತಿತ್ತು. ಪೈಪ್‌ಲೈನಿನ ಅಂಕಿ ಎಂದರೆ ಅದರ ಕೊನೆಯ ಆಜ್ಞೆಯ ಅಂಕಿ, ಇದೇ ಶೆಲ್‌ನ ನಿಯಮ. ಹಾಗಾಗಿ ದಿನವೂ ‘ಕ್ಷೇಮ’. ಡಿಸ್ಕ್ ಕೈಕೊಟ್ಟ ಮೇಲೆ ತೆರೆದು ನೋಡಿದರೆ ತಿಂಗಳುಗಟ್ಟಲೆ ಸಾಲಾಗಿ ಕೂತ ಕಡತಗಳು, ಒಂದೊಂದೂ 20 ಬೈಟ್. ಖಾಲಿಯನ್ನು ಕುಗ್ಗಿಸಿದರೆ ಉಳಿಯುವುದು ಅಷ್ಟೇ. ತಪ್ಪಿನ ಸಂದೇಶಗಳನ್ನು ಕ್ರಾನ್ ದಿನಾ ಅಂಚೆಗೆ ಹಾಕುತ್ತಿತ್ತು, ನಿಜ. ಆ ಪೆಟ್ಟಿಗೆಯನ್ನು ತೆರೆಯುವವರಿರಲಿಲ್ಲ. ಪೈಪಿನ ಯಾವ ಆಜ್ಞೆ ಸೋತರೂ ಇಡೀ ಸಾಲು ಸೋತಂತೆ ಎಣಿಸುವ ‘ಪೈಪ್‌ಫೇಲ್’ ಎಂಬ ಆಯ್ಕೆ ಬ್ಯಾಶ್‌ನಲ್ಲಿ ಬಹಳ ವರ್ಷಗಳಿಂದ ಇತ್ತು. ಪಾಸಿಕ್ಸ್ ಶಿಷ್ಟಮಾನ ಅದನ್ನು ಒಳಗೆ ಕರೆದುಕೊಂಡದ್ದು 2024ರಲ್ಲಿ. ಈಗಲೂ ಅದು ಕೇಳಿದವರಿಗೆ ಮಾತ್ರ.

ಅಂಕಿಗಳಿಗೆ ಹೆಸರಿಡುವ ಗಂಭೀರ ಪ್ರಯತ್ನ ಬಂದದ್ದು ಅಂಚೆಯ ಕಡೆಯಿಂದ ಎಂಬುದು ನನಗೆ ಅರ್ಥಪೂರ್ಣವಾಗಿ ತೋರುತ್ತದೆ. ಬರ್ಕ್ಲಿಯಲ್ಲಿ ಎರಿಕ್ ಆಲ್ಮನ್ ಬರೆದ ಸೆಂಡ್‌ಮೇಲ್‌ನ ಸುತ್ತ ಬೆಳೆದ ‘ಸಿಸ್‌ಎಕ್ಸಿಟ್ಸ್’ ಪಟ್ಟಿ 64ರಿಂದ 78ರವರೆಗಿನದು. ಬೇರೆಯವರು ಮನಸ್ಸಿಗೆ ಬಂದಂತೆ ಬಳಸುವ ಚಿಕ್ಕ ಅಂಕಿಗಳೊಡನೆ ಡಿಕ್ಕಿಯಾಗದಿರಲೆಂದು ಅಷ್ಟು ಮೇಲಿನಿಂದ ಆರಂಭ. 67 ಎಂದರೆ ಅಂಥ ಬಳಕೆದಾರನಿಲ್ಲ. ನಮ್ಮ ಪೋಸ್ಟ್‌ಮ್ಯಾನ್ ಲಕೋಟೆಯ ಮೇಲೆ ‘ಈ ವಿಳಾಸದಲ್ಲಿಲ್ಲ’ ಎಂದು ಗೀಚಿ ಹಿಂದಿರುಗಿಸುವಂತೆ. 75 ಎಂದರೆ ತಾತ್ಕಾಲಿಕ ಅಡಚಣೆ. ಕಾಗದವನ್ನು ಎಸೆಯಬೇಡಿ, ಸಾಲಿನಲ್ಲಿಡಿ, ಮತ್ತೊಮ್ಮೆ ಪ್ರಯತ್ನಿಸಿ. ಇಡೀ ಪಟ್ಟಿಯಲ್ಲಿ ನಾನು ಹೆಚ್ಚು ಬೆಲೆ ಕಟ್ಟುವುದು ಈ 75ಕ್ಕೆ. ಉಳಿದವು ಒಳಗೆ ಏನಾಯಿತೆಂದು ಹೇಳಿದರೆ, ಇದು ಹೊರಗಿರುವವನು ಮುಂದೇನು ಮಾಡಬೇಕೆಂದು ಹೇಳುತ್ತದೆ. ಕರೆದವನಿಗೆ ಬೇಕಾಗಿರುವುದು ಆ ಎರಡನೆಯದು. ಈ ಪಟ್ಟಿ ಪಾಸಿಕ್ಸ್‌ನೊಳಗೆ ಸೇರಲಿಲ್ಲ. ಅಂಚೆಯ ಲೋಕದಾಚೆ ಅದನ್ನು ಪಾಲಿಸುವವರೂ ವಿರಳ.

ಹೀಗಿದ್ದೂ ಒಳ್ಳೆಯ ಪುಟಗಳಿಲ್ಲವೆಂದಲ್ಲ. ಲಿನಕ್ಸ್‌ನಲ್ಲಿ ಡಿಸ್ಕಿನ ಕಡತವ್ಯವಸ್ಥೆಯನ್ನು ತಪಾಸಣೆ ಮಾಡುವ ಎಫ್‌ಎಸ್‌ಸಿಕೆಯ ಕೈಪಿಡಿ ನೋಡಿ. 1 ಎಂದರೆ ದೋಷವಿತ್ತು, ಸರಿಪಡಿಸಿದ್ದೇನೆ. 2 ಎಂದರೆ ಯಂತ್ರವನ್ನು ಮತ್ತೆ ಚಾಲೂ ಮಾಡಿ. 4 ಎಂದರೆ ದೋಷ ಹಾಗೇ ಉಳಿದಿದೆ. ಹಲವು ಸಂಗತಿಗಳಿದ್ದರೆ ಅಂಕಿಗಳು ಕೂಡಿಕೊಳ್ಳುತ್ತವೆಂದೂ ಅಲ್ಲೇ ಬರೆದಿದೆ. 3 ಬಂತೆನ್ನಿ: ರಿಪೇರಿಯಾಗಿದೆ, ಇನ್ನು ರೀಬೂಟ್ ಮಾಡುವುದೊಂದು ಬಾಕಿ. ರಾತ್ರಿ ಎರಡು ಗಂಟೆಗೆ ಕಣ್ಣುಜ್ಜಿಕೊಂಡು ಪರದೆಯ ಮುಂದೆ ಕೂತವನಿಗೆ ಆ ಪುಟದಲ್ಲಿ ಇನ್ನೇನೂ ಹುಡುಕುವ ಕೆಲಸವಿರುವುದಿಲ್ಲ.