ಹನ್ನೆರಡು ಕೈಗಳ ನ್ಯಾಯ

ಪತ್ತೇದಾರಿ ಕಾದಂಬರಿಯನ್ನು ಕಾಲಹರಣದ ವಸ್ತುವೆಂದು ಬದಿಗೆ ಸರಿಸುವುದು ವಿದ್ಯಾವಂತರ ರೂಢಿ. ಆದರೆ 1934ರಲ್ಲಿ ಪ್ರಕಟವಾದ ಅಗಾಥಾ ಕ್ರಿಸ್ಟಿಯವರ ‘ಮರ್ಡರ್ ಆನ್ ದಿ ಓರಿಯೆಂಟ್ ಎಕ್ಸ್‌ಪ್ರೆಸ್’ ಧರ್ಮಜಿಜ್ಞಾಸೆಗೆ ಎಡೆಗೊಡುವ ಕೃತಿ. 1974ರಲ್ಲಿ ತೆರೆಕಂಡ, ಸಿಡ್ನಿ ಲುಮೆಟ್ ನಿರ್ದೇಶಿಸಿದ ಅದರ ಚಲನಚಿತ್ರವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಉಚಿತ.

ಹಿಮದಲ್ಲಿ ಸಿಲುಕಿದ ರೈಲುಗಾಡಿಯಲ್ಲಿ ಧನಿಕನೊಬ್ಬನ ಕೊಲೆಯಾಗಿದೆ. ದೇಹದ ಮೇಲೆ ಹನ್ನೆರಡು ಇರಿತಗಳು. ಸತ್ತವನು ಹಿಂದೆ ಹಸುಳೆಯೊಂದನ್ನು ಅಪಹರಿಸಿ ಕೊಂದು, ಶಿಕ್ಷೆಯಿಂದ ನುಣುಚಿಕೊಂಡ ಪಾತಕಿ. ಇರಿದವರು ಆ ಮನೆಯ ಬಂಧುಗಳು, ಸೇವಕರು, ಹಿತೈಷಿಗಳು. ಪತ್ತೇದಾರ ಪ್ವಾರೊ ಸತ್ಯವನ್ನು ಕಂಡುಹಿಡಿಯುತ್ತಾನೆ. ಆದರೂ ಹೊರಗಿನವನೊಬ್ಬ ಕೊಂದು ಓಡಿದನೆಂಬ ಸುಳ್ಳು ವಿವರಣೆಯೇ ಪೊಲೀಸರಿಗಾಗಿ ಉಳಿಯುತ್ತದೆ.

ಕಲೆಯ ದೃಷ್ಟಿಯಿಂದ ಚಿತ್ರ ಶ್ಲಾಘ್ಯ. ಆರಂಭದ ಅಪಹರಣದ ಕಥೆಯನ್ನು ಮಾತಿಲ್ಲದೆ, ವೃತ್ತಪತ್ರಿಕೆಯ ತುಣುಕುಗಳ ನೆರವಿನಿಂದ ಹೇಳಲಾಗಿದೆ. ಧರ್ಮಪ್ರಚಾರಕಿಯ ಪಾತ್ರಕ್ಕಾಗಿ ಇಂಗ್ರಿಡ್ ಬರ್ಗ್‌ಮನ್ ಆಸ್ಕರ್ ಪ್ರಶಸ್ತಿ ಪಡೆದರು. ದೇವರ ಸೇವೆಗೆ ಮುಡಿಪಾದ ಆ ಕೈಯೂ ಚೂರಿ ಹಿಡಿಯಿತೆಂದು ತಿಳಿದಾಗ ನೋಡುಗನ ಎದೆ ನಡುಗಬೇಕು. ಚಿತ್ರ ನಡುಗಿಸುವುದಿಲ್ಲ. ಕೊಲೆಯನ್ನು ಅದು ವ್ರತಾಚರಣೆಯಂತೆ ತೋರಿಸುತ್ತದೆ. ಒಬ್ಬೊಬ್ಬರೂ ಸರದಿಯಂತೆ ಬಂದು ಇರಿಯುತ್ತಾರೆ. ಕೊನೆಗೆ ಪ್ವಾರೊ ತನ್ನ ಮನಸ್ಸಾಕ್ಷಿಯ ಮಾತೆತ್ತಿ ಹೊರಡುತ್ತಾನಾದರೂ, ಚಿತ್ರ ಮುಗಿಯುವುದು ಕೊಂದವರು ಪರಸ್ಪರ ಪಾನಪಾತ್ರೆ ತಾಗಿಸುವ ಸಂಭ್ರಮದಲ್ಲಿ.

ಇದೇ ನಿರ್ದೇಶಕರು 1957ರಲ್ಲಿ ‘ಟ್ವೆಲ್ವ್ ಆ್ಯಂಗ್ರಿ ಮೆನ್’ ಎಂಬ ಚಿತ್ರವನ್ನು ನಿರ್ದೇಶಿಸಿದ್ದರು. ಅಲ್ಲಿಯೂ ಹನ್ನೆರಡು ಮಂದಿ, ನ್ಯಾಯಾಲಯದ ಜ್ಯೂರಿ ಸದಸ್ಯರು. ಅವರಲ್ಲೊಬ್ಬನ ಸಂದೇಹ ಉಳಿದ ಹನ್ನೊಂದು ಮಂದಿಯ ಆವೇಶವನ್ನು ತಣಿಸಿ, ತರುಣನೊಬ್ಬನನ್ನು ಮರಣದಂಡನೆಯಿಂದ ಉಳಿಸುತ್ತದೆ. ರೈಲಿನ ಹನ್ನೆರಡು ಕೈಗಳಲ್ಲಿ ಒಂದೂ ಹಿಂದೆಗೆಯಲಿಲ್ಲ.

2010ರ ದೂರದರ್ಶನ ರೂಪಾಂತರದಲ್ಲಿ ಡೇವಿಡ್ ಸುಶೆ ಅವರ ಪ್ವಾರೊ ಜಪಸರವನ್ನು ಬಿಗಿಹಿಡಿದು, ಹಿಮದಲ್ಲಿ ಕಣ್ಣೀರಿಡುತ್ತ ನಡೆದುಹೋಗುತ್ತಾನೆ. ನಮಗೆ ಆ ಕಣ್ಣೀರು ಈ ಸಂಭ್ರಮಕ್ಕಿಂತ ಸತ್ಯಕ್ಕೆ ಸಮೀಪವೆನಿಸುತ್ತದೆ.

ಏಕೆಂದರೆ ಎಚ್ಚರಿಕೆ ಕಥೆಯೊಳಗೇ ಇದೆ. ಹಸುಳೆಯ ಅಪಹರಣದಲ್ಲಿ ಭಾಗಿಯೆಂದು ಮನೆಯ ಸೇವಕಿಯೊಬ್ಬಳನ್ನು ಶಂಕಿಸಲಾಗಿತ್ತು. ನಿರಪರಾಧಿಯಾದ ಅವಳು ಆತ್ಮಹತ್ಯೆ ಮಾಡಿಕೊಂಡಳು. ಅವಳ ತಂದೆಯೂ ಇರಿದವರಲ್ಲೊಬ್ಬ! ದುಃಖಿತರ ಸಂದೇಹ ತಪ್ಪಬಹುದೆಂಬುದನ್ನು ಅವನಿಗಿಂತ ಚೆನ್ನಾಗಿ ಬಲ್ಲವರಾರು? ಈ ಬಾರಿ ಊಹೆ ಸರಿಯಾಗಿತ್ತು. ಆದರೆ ಊಹೆ ಸರಿಯಾದ ಮಾತ್ರಕ್ಕೆ ಹಗೆ ನ್ಯಾಯವಾಗದು. ನೊಂದವರ ದುಃಖಕ್ಕೆ ನಮ್ಮ ಕರುಣೆ ಸಲ್ಲಬೇಕು; ಅವರ ಚೂರಿಗೆ ನಮ್ಮ ಚಪ್ಪಾಳೆ ಸಲ್ಲಬಾರದು.