ನಿಧಾನದ ಎಸೆತ ಆಡುವುದೂ ಅಭ್ಯಾಸದ ಮಾತೇ

ತೊಗರಿ ರಾಶಿ ಮುಗಿದು ಹೊಲ ಖಾಲಿಯಾದ ಮೇಲೆ ಭೂಸನೂರು, ಆಳಂದದ ಕಡೆ ಟೆನಿಸ್ ಬಾಲ್ ಕ್ರಿಕೆಟ್ ಕಳೆಗಟ್ಟುತ್ತದೆ. ಅಲ್ಲಿ ಜೋರಾಗಿ ಬಂದ ಚೆಂಡನ್ನು ಬೌಂಡರಿಗೆ ಅಟ್ಟುವ ಹುಡುಗ, ಅದೇ ಬೌಲರ್ ಕೊಂಚ ತಡೆದು ಬಿಟ್ಟ ಎಸೆತಕ್ಕೆ ಮಿಡ್ ಆನ್‌ನಲ್ಲಿ ಕ್ಯಾಚ್ ಕೊಟ್ಟು ಹೋಗುತ್ತಾನೆ. ‘ಚೆಂಡು ತಿರುಗಿತು’ ಎನ್ನುತ್ತಾರೆ. ಆದರೆ ಬಹುತೇಕ ಕೆಡಿಸುವುದು ತಿರುವಲ್ಲ, ಹೊತ್ತು. ಗಂಟೆಗೆ 130 ಕಿ.ಮೀ. ವೇಗದ ಚೆಂಡು ಕ್ರೀಸ್‌ನಿಂದ ಕ್ರೀಸ್‌ಗೆ 58 ಅಡಿ ದಾಟಲು ಸುಮಾರು ಅರ್ಧ ಸೆಕೆಂಡು ಸಾಕು. ವೇಗ 105ಕ್ಕೆ ಇಳಿದರೆ ಇನ್ನೊಂದು ಹತ್ತನೇ ಒಂದು ಸೆಕೆಂಡು ಬೇಕು. ಅಷ್ಟರಲ್ಲಿ ಬ್ಯಾಟ್ ಬೀಸಿ ಮುಗಿದಿರುತ್ತದೆ. ವೆಂಕಟೇಶ್ ಪ್ರಸಾದ್ ಅವರ ಕಲೆ ಇದ್ದದ್ದು ಇಲ್ಲೇ: ಓಟ ಅದೇ, ತೋಳಿನ ರಭಸವೂ ಅದೇ, ಬೆರಳುಗಳಷ್ಟೇ ಚೆಂಡಿನ ಮೇಲೆ ಜಾರಿ ಅದು ನಿಧಾನದ ಲೆಗ್ ಕಟರ್ ಆಗುತ್ತಿತ್ತು. ಬಿ.ಎಸ್. ಚಂದ್ರಶೇಖರ್ ಹಿಡಿದದ್ದು ಇದರ ಉಲ್ಟಾ ದಾರಿ. ಸ್ಪಿನ್ನರ್ ತಾನೇ ಎಂದು ನಿಂತವನಿಗೆ ಗೂಗ್ಲಿಯನ್ನು ಮಧ್ಯಮ ವೇಗಿಯ ರಭಸದಲ್ಲಿ ಎಸೆಯುತ್ತಿದ್ದರು. 1971ರ ಓವಲ್ ಟೆಸ್ಟ್‌ನಲ್ಲಿ 38 ರನ್‌ಗೆ 6 ವಿಕೆಟ್ ಕಿತ್ತ ಬೌಲಿಂಗ್ ಅದು.

ಹಾಗಿದ್ದರೆ ಕಲಿಯುವುದು ಹೇಗೆ? ನಮ್ಮಲ್ಲಿ ಇಪ್ಪತ್ತು ಎಸೆತ ವೇಗದವು, ಆಮೇಲೆ ಇಪ್ಪತ್ತು ಸ್ಪಿನ್ ಎಂದು ಪಾಳಿ ಹಚ್ಚಿ ಆಡಿಸುವುದು ರೂಢಿ. ಇದು ತಪ್ಪು ಎನ್ನಲು ಒಳ್ಳೆಯ ಆಧಾರ ಸಿಗುವುದು ಬೇಸ್‌ಬಾಲ್‌ನಲ್ಲಿ. ಅಮೆರಿಕದ ಕಾಲೇಜು ಆಟಗಾರರ ಮೇಲಿನ ಒಂದು ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ 15 ಫಾಸ್ಟ್‌ಬಾಲ್, 15 ಕರ್ವ್‌ಬಾಲ್, 15 ಚೇಂಜಪ್ (ನಿಧಾನದ ಎಸೆತ) ಸಾಲಾಗಿ ಎಸೆದರು. ಇನ್ನೊಂದು ಗುಂಪಿಗೆ ಅವೇ 45 ಎಸೆತ, ಆದರೆ ಮುಂದಿನದು ಯಾವುದೆಂದು ಗೊತ್ತಾಗದಂತೆ ಕಲಸಿ. ಆರು ವಾರಗಳ ನಂತರ, ಪಂದ್ಯದಲ್ಲಿ ಬರುವಂತೆ ಕ್ರಮ ತಪ್ಪಿಸಿ ಪರೀಕ್ಷಿಸಿದಾಗ ಮೊದಲ ಗುಂಪಿನ ಸುಧಾರಣೆ ಸುಮಾರು ಶೇ 25, ಎರಡನೆಯದರದು ಶೇ 57. ಕಾರಣ ಸರಳ. ಸಾಲಾಗಿ ಬಂದ ಹದಿನೈದರಲ್ಲಿ ಮೊದಲೆರಡು ಎಸೆತ ಕಳೆದರೆ ಕಣ್ಣಿಗೆ ಕೆಲಸವೇ ಉಳಿಯುವುದಿಲ್ಲ, ಕೈ ಮಾತ್ರ ಆಡುತ್ತದೆ. ಪಂದ್ಯದಲ್ಲಿ ಬೇಕಾದದ್ದು ಬೌಲರ್‌ನ ಕೈ ನೋಡಿ ಗುರುತಿಸುವ ಕಣ್ಣು. ಸಂಶೋಧಕರಾದ ಲ್ಯಾಂಡ್ ಮತ್ತು ಮೆಕ್ಲಿಯಡ್ 2000ದಲ್ಲಿ ಕ್ರಿಕೆಟ್ ಬ್ಯಾಟರ್‌ಗಳ ಕಣ್ಣಿನ ಚಲನೆ ಅಳೆದು ತೋರಿಸಿದ್ದೂ ಇದಕ್ಕೆ ಪೂರಕ. ಬಿಡುಗಡೆಯ ಕ್ಷಣ ಚೆಂಡನ್ನು ನೋಡಿದ ಕಣ್ಣು, ಅದು ಪುಟಿಯುವ ಜಾಗಕ್ಕೆ ಮೊದಲೇ ಜಿಗಿದು ಕಾಯುತ್ತದೆ. ನುರಿತವರಲ್ಲಿ ಆ ಜಿಗಿತ ಬೇಗ.

ಹೊಸಬರಿಗೆ ಇದು ಗೊಂದಲವಲ್ಲವೇ ಎಂಬ ಆಕ್ಷೇಪದಲ್ಲಿ ಹುರುಳಿದೆ. ಬ್ಯಾಟ್ ನೆಟ್ಟಗೆ ಬರದವನಿಗೆ ಮೊದಲು ಒಂದೇ ಬಗೆಯ ಎಸೆತವೇ ಸರಿ. ಆದರೆ ಹೊಡೆತ ಕೈಗೂಡಿದ ಮೇಲೂ ಅದನ್ನೇ ಮುಂದುವರಿಸುವುದಕ್ಕೆ ಸಮರ್ಥನೆಯಿಲ್ಲ. ಟಿ20 ಕಾಲದಲ್ಲಿ ನಿಧಾನದ ಚೆಂಡಿಗೆಂದು ಕಾಯುತ್ತ ಕೂತರೆ ರನ್ ಬರುವುದೆಲ್ಲಿಂದ ಎನ್ನುವವರೂ ಇದ್ದಾರೆ. ಕಾಯುವುದೆಂದರೆ ತಡೆದು ಆಡುವುದಲ್ಲ. ನಿಧಾನದ ಚೆಂಡಿಗೆ ತನ್ನದೇ ಬಲವಿಲ್ಲ, ಬ್ಯಾಟರ್ ಬಲ ತುಂಬಬೇಕು. ಭಾರ ಆಗಲೇ ಮುಂಗಾಲಿಗೆ ಬಿದ್ದಿದ್ದರೆ ತುಂಬಲು ಏನೂ ಉಳಿದಿರುವುದಿಲ್ಲ. 2010ರಲ್ಲಿ ರಾಹುಲ್ ದ್ರಾವಿಡ್ ಅವರು ಕೆವಿನ್ ಪೀಟರ್ಸನ್‌ಗೆ ಮಿಂಚಂಚೆ ಬರೆದು, ಪ್ಯಾಡ್ ಕಟ್ಟದೆ ಸ್ಪಿನ್ನರ್‌ಗಳನ್ನು ಆಡಿ ಅಭ್ಯಾಸ ಮಾಡಲು ಹೇಳಿದ್ದರು. ಕಾಲಿಗೆ ಪೆಟ್ಟು ಬೀಳುವ ಭಯವಿದ್ದರೆ ಚೆಂಡಿನ ಲೆಂಗ್ತನ್ನು ಕಣ್ಣು ತಾನಾಗಿ ಬೇಗ ಹಿಡಿಯುತ್ತದೆ. ನನ್ನ ದೃಷ್ಟಿಯಲ್ಲಿ ಬೌಲಿಂಗ್ ಯಂತ್ರಕ್ಕಿಂತ ಬೆಲೆಬಾಳುವ ಸಲಹೆ ಅದು.

ಯಂತ್ರ, ಟರ್ಫ್ ಪಿಚ್ ಇಲ್ಲವೆಂಬ ಕೊರಗೂ ಇಲ್ಲಿ ಅಡ್ಡಿಯಾಗಬೇಕಿಲ್ಲ. ಈ ಅಭ್ಯಾಸಕ್ಕೆ ಬೇಕಾದದ್ದು ಬೌಲರ್‌ನ ಕೈ, ಅದು ಯಂತ್ರಕ್ಕಿಲ್ಲ. ಆಳಂದ, ಅಫಜಲಪುರ, ಜೇವರ್ಗಿಯ ತಂಡಗಳ ನಾಯಕರಲ್ಲಿ ಒಂದು ಮನವಿ: ನಾಳೆ ಸಂಜೆಯಿಂದಲೇ ಪಾಳಿ ಬಿಡಿಸಿ. ಒಬ್ಬನೇ ಬೌಲರ್ ಜೋರಿನ, ನಿಧಾನದ, ತಿರುಗುವ ಎಸೆತಗಳನ್ನು ಕಲಸಿ ಹಾಕಲಿ. ಯಾವುದೆಂದು ಬ್ಯಾಟರ್‌ಗೆ ಮೊದಲೇ ಹೇಳಬೇಡಿ.